ಬ್ರೂನೊ ರೊಸ್ಸಿ : ಕ್ಷ-ಕಿರಣ ಖಗೋಳ ವಿಜ್ಞಾನದ ಪ್ರವರ್ತಕರು

ಸಂಕ್ಷಿಪ್ತ ಪರಿಚಯ

ಹೆಸರು : ಪ್ರೊ. ಬ್ರೂನೊ ಬೆನೆಡೆಟ್ಟೊ ರೊಸ್ಸಿ
ಜನನ : 13 ಏಪ್ರಿಲ್ 1905, ವೆನಿಸ್, ಇಟಲಿ
ನಿಧನ : 21 ನವೆಂಬರ್ 1993, ಕೇಂಬ್ರಿಜ್, ಮೆಸಾಚುಸೆಟ್ಸ್, ಅಮೆರಿಕ
ಸಂಶೋಧನಾ ಕ್ಷೇತ್ರ : ವಿಶ್ವಕಿರಣಗಳು, ಅಂತರಿಕ್ಷ ಪ್ಲಾಸ್ಮಾ, ಕ್ಷ-ಕಿರಣ ಖಗೋಳ ವಿಜ್ಞಾನ
ಸೇವೆ ಸಲ್ಲಿಸಿದ ಪ್ರಮುಖ ಸಂಸ್ಥೆಗಳು : ಫ್ಲಾರೆನ್ಸ್, ಪಾದುವ, ಷಿಕಾಗೊ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳು, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ (ಎಂ.ಐ.ಟಿ.)

ಪೀಠಿಕೆ

ಆಕಾಶದಲ್ಲಿ ಕೆಲವು ನಕ್ಷತ್ರಗಳು ಗಡಿಯಾರದ ನಿಖರತೆಯಿಂದ ಮಿಡಿಯುತ್ತಾ ಕ್ಷ-ಕಿರಣಗಳನ್ನು ಹೊರಸೂಸುತ್ತವೆ. ಇವುಗಳಿಗೆ ಪಲ್ಸಾರ್‌ಗಳು ಅಥವಾ ಸ್ಪಂದತಾರೆಗಳು ಎಂದು ಹೆಸರು. ಕಣ್ಣಿಗೆ ಕಾಣದ, ಭೂಮಿಯ ವಾಯುಮಂಡಲವನ್ನು ದಾಟಿ ನೆಲವನ್ನು ತಲುಪಲಾರದ ಈ ಕಿರಣಗಳ ಅಧ್ಯಯನವೇ ಕ್ಷ-ಕಿರಣ ಖಗೋಳ ವಿಜ್ಞಾನ. ಈ ವಿಜ್ಞಾನಶಾಖೆಯ ಉದಯಕ್ಕೆ ಕಾರಣರಾದವರಲ್ಲಿ ಬ್ರೂನೊ ರೊಸ್ಸಿ ಅವರು ಅಗ್ರಗಣ್ಯರು.

ಪಲ್ಸಾರ್‌ಗಳನ್ನು ಮೊದಲು ಕಂಡವರು ಬೇರೆ ವಿಜ್ಞಾನಿಗಳು. ಆದರೆ ಪಲ್ಸಾರ್‌ಗಳಿಂದ ಕ್ಷ-ಕಿರಣಗಳು ಹೇಗೆ ಹೊರಡುತ್ತವೆ, ಅವುಗಳ ಸ್ವರೂಪವನ್ನು ಯಾವುದು ನಿರ್ಧರಿಸುತ್ತದೆ ಎಂಬುದನ್ನು ತಿಳಿಯಲು ಎರಡು ವಿದ್ಯೆಗಳು ಅತ್ಯಗತ್ಯ. ಕಣವೊಂದು ಬಂದ ಕ್ಷಣವನ್ನು ಅತಿ ಸೂಕ್ಷ್ಮವಾಗಿ ಗುರುತಿಸುವುದು ಮೊದಲನೆಯದು. ಕಾಂತಕ್ಷೇತ್ರವು ವಿದ್ಯುತ್ ಕಣಗಳನ್ನು ಹೇಗೆ ಬಾಗಿಸುತ್ತದೆ, ಯಾವ ದಾರಿಯಲ್ಲಿ ಒಯ್ಯುತ್ತದೆ ಎಂಬುದನ್ನು ಅರಿಯುವುದು ಎರಡನೆಯದು. ಇವೆರಡೂ ರೊಸ್ಸಿಯವರ ಅರವತ್ತು ವರ್ಷಗಳ ಸಂಶೋಧನೆಯ ಆಧಾರಸ್ತಂಭಗಳಾಗಿದ್ದವು.

ಜನನ ಮತ್ತು ವಿದ್ಯಾಭ್ಯಾಸ

ಬ್ರೂನೊ ರೊಸ್ಸಿ ಅವರು ವೆನಿಸ್ ನಗರದ ಯಹೂದಿ ಕುಟುಂಬವೊಂದರಲ್ಲಿ ಮೂವರು ಗಂಡುಮಕ್ಕಳಲ್ಲಿ ಹಿರಿಯರಾಗಿ ಜನಿಸಿದರು. ತಂದೆ ರಿನೊ ರೊಸ್ಸಿ ವಿದ್ಯುತ್ ಇಂಜಿನಿಯರ್ ಆಗಿದ್ದರು. ತಾಯಿ ಲೀನಾ ಮಿನೆರ್ಬಿ. ಹದಿನಾಲ್ಕನೆಯ ವಯಸ್ಸಿನವರೆಗೆ ಮನೆಯಲ್ಲಿಯೇ ಪಾಠ ಕಲಿತ ರೊಸ್ಸಿ, ನಂತರ ವೆನಿಸ್‌ನ ಶಾಲೆಯಲ್ಲಿ ಓದಿ, ಪಾದುವ ಹಾಗೂ ಬೊಲೊನ್ಯ ವಿಶ್ವವಿದ್ಯಾಲಯಗಳಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸಿದರು. 1927ರಲ್ಲಿ ಬೊಲೊನ್ಯದಿಂದ ಪದವಿ ಪಡೆದರು.

1928ರಲ್ಲಿ ಅವರು ಫ್ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿ ಸೇರಿದರು. ಅಲ್ಲಿನ ಭೌತವಿಜ್ಞಾನ ವಿಭಾಗವು ನಗರದ ಹೊರವಲಯದ ಆರ್ಚೆಟ್ರಿ ಎಂಬ ಗುಡ್ಡದ ಮೇಲಿತ್ತು. ಗೆಲಿಲಿಯೊ ತನ್ನ ಕೊನೆಯ ವರ್ಷಗಳನ್ನು ಕಳೆದ ಮನೆ ಇದೇ ಗುಡ್ಡದಲ್ಲಿದೆ. ಹಣದ ಕೊರತೆಯಿದ್ದ ಈ ಪ್ರಯೋಗಾಲಯದಲ್ಲಿ ರೊಸ್ಸಿಯವರೊಂದಿಗೆ ಕೆಲವೇ ತರುಣ ವಿಜ್ಞಾನಿಗಳಿದ್ದರು. ತಮಗೆ ಬೇಕಾದ ಉಪಕರಣಗಳನ್ನು ಬಹುಮಟ್ಟಿಗೆ ಅವರೇ ತಯಾರಿಸಿಕೊಳ್ಳಬೇಕಾಗಿತ್ತು.

ಏಕಕಾಲಿಕತೆಯ ಮಂಡಲ

ಬಾಹ್ಯಾಕಾಶದಿಂದ ಸದಾ ಭೂಮಿಯ ಮೇಲೆ ಸುರಿಯುವ ವಿಶ್ವಕಿರಣಗಳ ಸ್ವರೂಪವು ಅಂದು ವಿವಾದದ ವಿಷಯವಾಗಿತ್ತು. ಅವು ಬೆಳಕಿನಂತಹ ಗಾಮಾ ಕಿರಣಗಳೆಂಬುದು ಅಮೆರಿಕದ ರಾಬರ್ಟ್ ಮಿಲಿಕನ್ ಅವರಂತಹ ಹಿರಿಯರ ಮತವಾಗಿತ್ತು. 1929ರಲ್ಲಿ ಜರ್ಮನಿಯ ಬೋಥೆ ಮತ್ತು ಕೋಲ್ಹಾರ್ಸ್ಟರ್ ಅವರು ಎರಡು ಗೈಗರ್ ಗಣಕಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಒಟ್ಟಿಗೆ ಮಿಡಿಯುವ ಸಂದರ್ಭಗಳನ್ನು ಗಮನಿಸಿ, ವಿಶ್ವಕಿರಣಗಳು ವಿದ್ಯುತ್ ಕಣಗಳಿರಬಹುದೆಂದು ತೋರಿಸಿದರು. ಈ ಪ್ರಬಂಧವನ್ನು ಓದಿದ ರೊಸ್ಸಿಯವರಿಗೆ ತಾವು ಮಾಡಬೇಕಾದ ಕೆಲಸ ಯಾವುದೆಂಬುದು ಸ್ಪಷ್ಟವಾಯಿತು.

ಕೆಲವೇ ತಿಂಗಳುಗಳಲ್ಲಿ ಅವರು ನಿರ್ವಾತ ನಳಿಕೆಗಳನ್ನು ಬಳಸಿ ಹೊಸ ವಿದ್ಯುನ್ಮಂಡಲವೊಂದನ್ನು ರೂಪಿಸಿ 1930ರಲ್ಲಿ ಪ್ರಕಟಿಸಿದರು. ಜೋಡಿಸಿದ ಎಲ್ಲ ಗಣಕಗಳೂ ಒಂದೇ ಕ್ಷಣದಲ್ಲಿ ಮಿಡಿದಾಗ ಮಾತ್ರ ಈ ಮಂಡಲವು ಸಂಕೇತ ನೀಡುತ್ತಿತ್ತು. ಗಣಕಗಳ ಸಂಖ್ಯೆ ಎರಡಿರಲಿ, ಮೂರಿರಲಿ, ಅದಕ್ಕಿಂತ ಹೆಚ್ಚಿರಲಿ, ಮಂಡಲವು ಕೆಲಸ ಮಾಡುತ್ತಿತ್ತು. ಎಲ್ಲ ಷರತ್ತುಗಳೂ ಪೂರೈಸಿದಾಗ ಮಾತ್ರ ಹೌದೆನ್ನುವ ಈ ಏರ್ಪಾಡು ಮುಂದೆ ಗಣಕಯಂತ್ರಗಳಲ್ಲಿ ಬಳಕೆಗೆ ಬಂದ ತಾರ್ಕಿಕ ಮಂಡಲಗಳ ಪೂರ್ವರೂಪವಾಗಿದೆ.

ಈ ಸಾಧನದ ನೆರವಿನಿಂದ ವಿಶ್ವಕಿರಣಗಳ ಕೆಲವು ಕಣಗಳು ಒಂದು ಮೀಟರ್‌ಗಿಂತ ದಪ್ಪನಾದ ಸೀಸವನ್ನೂ ಭೇದಿಸಿ ಹೋಗುತ್ತವೆ ಎಂಬುದನ್ನು ರೊಸ್ಸಿ ಸಾಬೀತುಪಡಿಸಿದರು. ಇನ್ನು ಕೆಲವು ಸೀಸದಲ್ಲಿ ಕಣಗಳ ಸುರಿಮಳೆಯನ್ನೇ ಉಂಟುಮಾಡುತ್ತವೆಂಬುದೂ ತಿಳಿದುಬಂತು. 1931ರಲ್ಲಿ ರೋಮ್ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ, ಮಿಲಿಕನ್ ಅವರ ಸಮ್ಮುಖದಲ್ಲಿಯೇ, ಇಪ್ಪತ್ತಾರು ವರ್ಷದ ರೊಸ್ಸಿ ಆ ಹಿರಿಯರ ಸಿದ್ಧಾಂತವು ಪ್ರಯೋಗಗಳಿಗೆ ಹೊಂದುವುದಿಲ್ಲವೆಂದು ವಿವರಿಸಿದರು. 1932ರಲ್ಲಿ ಅವರು ಪಾದುವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ಭೂಮಿಯ ಕಾಂತಕ್ಷೇತ್ರ ಮತ್ತು ಅಸ್ಮಾರ ಪ್ರಯೋಗ

ವಿದ್ಯುತ್ ಕಣವು ಕಾಂತಕ್ಷೇತ್ರವನ್ನು ಪ್ರವೇಶಿಸಿದಾಗ ಅದರ ದಾರಿ ಬಾಗುತ್ತದೆ. ವಿಶ್ವಕಿರಣಗಳು ವಿದ್ಯುತ್ ಕಣಗಳೇ ಆಗಿದ್ದರೆ ಭೂಮಿಯ ಕಾಂತಕ್ಷೇತ್ರವು ಅವುಗಳನ್ನು ಬಾಗಿಸಬೇಕು. ಪೂರ್ವದಿಂದ ಬರುವ ಕಣಗಳ ಸಂಖ್ಯೆಗೂ ಪಶ್ಚಿಮದಿಂದ ಬರುವ ಕಣಗಳ ಸಂಖ್ಯೆಗೂ ವ್ಯತ್ಯಾಸ ಕಾಣಬೇಕು. ಹೀಗೆಂದು ರೊಸ್ಸಿ 1930ರಲ್ಲಿಯೇ ಲೆಕ್ಕ ಹಾಕಿದ್ದರು. ಈ ಪರಿಣಾಮವು ಭೂಮಧ್ಯರೇಖೆಯ ಸಮೀಪದಲ್ಲಿ, ಎತ್ತರದ ಸ್ಥಳಗಳಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತದೆ. ಆದ್ದರಿಂದ 1933ರಲ್ಲಿ ಅವರು ಆಫ್ರಿಕಾದ ಎರಿಟ್ರಿಯದಲ್ಲಿರುವ ಅಸ್ಮಾರಕ್ಕೆ ತೆರಳಿ ಪ್ರಯೋಗ ಕೈಗೊಂಡರು. ಪಶ್ಚಿಮದಿಂದ ಬರುವ ಕಣಗಳೇ ಗಣನೀಯವಾಗಿ ಅಧಿಕವೆಂದು ಕಂಡುಬಂತು. ಬಾಹ್ಯಾಕಾಶದಿಂದ ಬರುವ ಮೂಲ ಕಣಗಳು ಧನ ವಿದ್ಯುತ್ ಹೊಂದಿವೆ ಎಂಬುದು ಇದರಿಂದ ಖಚಿತವಾಯಿತು.

ಆದರೆ ಪ್ರಯಾಣದ ಸಿದ್ಧತೆಗೆ ಹಿಡಿದ ಕಾಲಾವಧಿಯಲ್ಲಿ ಅಮೆರಿಕದ ವಿಜ್ಞಾನಿಗಳು ಮೆಕ್ಸಿಕೊದಲ್ಲಿ ಇದೇ ಪ್ರಯೋಗ ನಡೆಸಿ ಫಲಿತಾಂಶವನ್ನು ಮೊದಲು ಪ್ರಕಟಿಸಿದ್ದರು. ಊಹಿಸಿದವರಲ್ಲಿ ಮೊದಲಿಗರಾಗಿದ್ದ ರೊಸ್ಸಿ ಅಳೆದವರಲ್ಲಿ ಮೊದಲಿಗರಾಗಲಿಲ್ಲ. ಅದೇ ಅಸ್ಮಾರದಲ್ಲಿ, ದೂರ ದೂರ ಇಟ್ಟಿದ್ದ ಗಣಕಗಳು ಆಗಾಗ್ಗೆ ಒಟ್ಟಿಗೆ ಮಿಡಿಯುವುದನ್ನು ಅವರು ಗಮನಿಸಿ ವರದಿಯಲ್ಲಿ ದಾಖಲಿಸಿದರು. ವಿಶಾಲ ಪ್ರದೇಶದ ಮೇಲೆ ಒಮ್ಮೆಲೇ ಎರಗುವ ಕಣಗಳ ಸುರಿಮಳೆಯ ಮೊದಲ ಸುಳಿವು ಅದಾಗಿತ್ತು. ಕೆಲವು ವರ್ಷಗಳ ನಂತರ ಫ್ರಾನ್ಸಿನ ಪಿಯರ್ ಓಜೆ ಅದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು.

ದೇಶತ್ಯಾಗ

ಪಾದುವದಲ್ಲಿ ಹೊಸ ಭೌತವಿಜ್ಞಾನ ಸಂಸ್ಥೆಯ ಕಟ್ಟಡವನ್ನು ಯೋಜಿಸಿ ನಿರ್ಮಿಸುವ ಹೊಣೆಯನ್ನು ರೊಸ್ಸಿ ವಹಿಸಿಕೊಂಡರು. 1937ರಲ್ಲಿ ಕಟ್ಟಡ ಪೂರ್ಣಗೊಂಡಿತು. 1938ರ ಏಪ್ರಿಲ್‌ನಲ್ಲಿ ಅವರು ನೋರಾ ಲೊಂಬ್ರೊಸೊ ಅವರನ್ನು ವಿವಾಹವಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮುಸೊಲಿನಿ ಸರ್ಕಾರವು ಜನಾಂಗೀಯ ಕಾನೂನುಗಳನ್ನು ಜಾರಿಗೊಳಿಸಿತು. ಯಹೂದಿಗಳು ಬೋಧನಾ ಹುದ್ದೆಗಳಲ್ಲಿ ಇರುವಂತಿಲ್ಲವೆಂದು ಆದೇಶವಾಯಿತು. ತಾವೇ ನಿಂತು ಕಟ್ಟಿಸಿದ ಸಂಸ್ಥೆಯಿಂದ ರೊಸ್ಸಿ ಹೊರಬೀಳಬೇಕಾಯಿತು.

ಅಕ್ಟೋಬರ್ ತಿಂಗಳಲ್ಲಿ ದಂಪತಿಗಳು ಇಟಲಿಯನ್ನು ತೊರೆದರು. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರೂ, ಮ್ಯಾಂಚೆಸ್ಟರ್‌ನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರೂ ಆಶ್ರಯ ನೀಡಿದರು. 1939ರ ಬೇಸಿಗೆಯಲ್ಲಿ ಆರ್ಥರ್ ಕಾಂಪ್ಟನ್ ಅವರ ಆಹ್ವಾನದ ಮೇರೆಗೆ ರೊಸ್ಸಿ ಷಿಕಾಗೊ ತಲುಪಿದರು. ಅಲ್ಲಿಂದ ಮುಂದೆ ಅಮೆರಿಕವೇ ಅವರ ಕರ್ಮಭೂಮಿಯಾಯಿತು.

ಕ್ಷಣದ ಅಳತೆ

ಷಿಕಾಗೊ ತಲುಪಿದ ಕೆಲವೇ ವಾರಗಳಲ್ಲಿ ರೊಸ್ಸಿಯವರ ತಂಡವು ಹಳೆಯ ಬಸ್ಸೊಂದರಲ್ಲಿ ಉಪಕರಣಗಳನ್ನು ಹೇರಿಕೊಂಡು ಕೊಲರಾಡೊದ ಮೌಂಟ್ ಎವಾನ್ಸ್ ಶಿಖರಕ್ಕೆ ಹೊರಟಿತು. ಇಂದು ಮ್ಯೂಆನ್ ಎಂದು ಕರೆಯಲಾಗುವ ವಿಶ್ವಕಿರಣ ಕಣವು ತಾನಾಗಿಯೇ ಕ್ಷಯಿಸುತ್ತದೆಯೇ ಎಂಬುದು ಅಂದಿನ ಪ್ರಶ್ನೆ. ಬೇರೆ ಬೇರೆ ಎತ್ತರಗಳಲ್ಲಿ, ಗಾಳಿಯಲ್ಲಿ ಮತ್ತು ಇಂಗಾಲದ ಪದರದಲ್ಲಿ ಕಣಗಳ ಸಂಖ್ಯೆ ಎಷ್ಟು ಕುಗ್ಗುತ್ತದೆಂದು ಎಣಿಸಿ, ಈ ಕಣಗಳು ದಾರಿಯಲ್ಲಿಯೇ ಕ್ಷಯಿಸುತ್ತವೆಂದು ಅವರು ತೋರಿಸಿಕೊಟ್ಟರು. ವೇಗವಾಗಿ ಚಲಿಸುವ ಮ್ಯೂಆನ್‌ಗಳು ನಿಧಾನವಾಗಿ ಚಲಿಸುವವುಗಳಿಗಿಂತ ಹೆಚ್ಚು ಕಾಲ ಬದುಕುತ್ತವೆಂಬುದನ್ನು 1941ರಲ್ಲಿ ಪ್ರಕಟಿಸಿದರು. ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತವು ಹೇಳುವ ಕಾಲದ ಹಿಗ್ಗುವಿಕೆಗೆ ಇದು ಪ್ರತ್ಯಕ್ಷ ಪ್ರಮಾಣವಾಯಿತು.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಮ್ಯೂಆನ್‌ನ ಸರಾಸರಿ ಆಯುಷ್ಯವನ್ನು ನೇರವಾಗಿ ಅಳೆದರು. ಅದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಎರಡು ಭಾಗದಷ್ಟು ಮಾತ್ರ. ಎರಡು ಘಟನೆಗಳ ನಡುವಿನ ಇಂತಹ ಅತ್ಯಲ್ಪ ಅಂತರವನ್ನು ವಿದ್ಯುತ್ ಸಂಕೇತದ ಎತ್ತರವಾಗಿ ಪರಿವರ್ತಿಸಿ ಓದುವ ಉಪಕರಣವನ್ನು ಅವರು ಇದಕ್ಕಾಗಿ ನಿರ್ಮಿಸಿದರು.

ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1943ರಿಂದ, ಅವರು ಲಾಸ್ ಅಲಾಮಸ್‌ನಲ್ಲಿ ಪರಮಾಣು ಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿದರು. ಅತಿ ಶೀಘ್ರವಾಗಿ ಸ್ಪಂದಿಸುವ ಸಂವೇದಕಗಳ ತಯಾರಿಕೆ ಅವರ ಹೊಣೆಯಾಗಿತ್ತು. 1945ರ ಜುಲೈ 16ರ ಪರೀಕ್ಷಾ ಸ್ಫೋಟದಲ್ಲಿ ಸರಪಳಿ ಕ್ರಿಯೆಯು ಬೆಳೆಯುವ ವೇಗವನ್ನು ದಾಖಲಿಸಿದ್ದು ಅವರ ಉಪಕರಣವೇ. ಶಾಂತಿಕಾಲದ ವಿಜ್ಞಾನಕ್ಕಾಗಿ ಬೆಳೆಸಿದ ಕ್ಷಣಗಣನೆಯ ವಿದ್ಯೆಯು ಮಹಾವಿನಾಶದ ಅಸ್ತ್ರಕ್ಕೂ ಬಳಕೆಯಾದದ್ದು ಅವರ ಜೀವನದ ಒಂದು ಕಠಿಣ ಅಧ್ಯಾಯ. 1946ರಲ್ಲಿ ಅವರು ಎಂ.ಐ.ಟಿ. ಸಂಸ್ಥೆಯನ್ನು ಸೇರಿ ವಿಶ್ವಕಿರಣ ಸಂಶೋಧನೆಗೆ ಮರಳಿದರು.

ಎಂ.ಐ.ಟಿ.ಯಲ್ಲಿ ಅವರು ಕಟ್ಟಿದ ತಂಡವು ವಿಶ್ವಕಿರಣ ಸುರಿಮಳೆಗಳ ಅಧ್ಯಯನಕ್ಕೆ ಜಗತ್ತಿನ ನಾನಾ ಕಡೆ ಉಪಕರಣಗಳನ್ನು ಸ್ಥಾಪಿಸಿತು. ಅಹಮದಾಬಾದ್‌ನ ವಿಕ್ರಮ್ ಸಾರಾಭಾಯ್ ಅವರ ಸಹಯೋಗದಲ್ಲಿ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿಯೂ ಇಂತಹ ಪ್ರಯೋಗವೊಂದು ನಡೆಯಿತು.

ಕ್ಷ-ಕಿರಣ ಆಕಾಶದ ಆವಿಷ್ಕಾರ

1950ರ ದಶಕದ ಅಂತ್ಯದ ವೇಳೆಗೆ ಸೂರ್ಯನಿಂದ ಕ್ಷ-ಕಿರಣಗಳು ಬರುತ್ತವೆಂಬುದು ರಾಕೆಟ್ ಪ್ರಯೋಗಗಳಿಂದ ತಿಳಿದಿತ್ತು. ಉಳಿದ ನಕ್ಷತ್ರಗಳೂ ಸೂರ್ಯನಂತೆಯೇ ಇದ್ದಲ್ಲಿ ಅವುಗಳ ಕ್ಷ-ಕಿರಣ ಭೂಮಿಯಲ್ಲಿ ಕಂಡುಬರುವ ಸಂಭವವಿರಲಿಲ್ಲ. ಸೂರ್ಯನನ್ನು ಲುಬ್ಧಕ ನಕ್ಷತ್ರದ ದೂರಕ್ಕೆ ಒಯ್ದಿಟ್ಟರೆ ಅದರ ಕ್ಷ-ಕಿರಣವು ಸುಮಾರು ಮೂವತ್ತು ಸಾವಿರ ಕೋಟಿ ಪಟ್ಟು ಕ್ಷೀಣಿಸುತ್ತದೆ. ಅಂದಿನ ಯಾವ ಸಂವೇದಕಕ್ಕೂ ಅದು ನಿಲುಕುವಂತಿರಲಿಲ್ಲ.

ಲೆಕ್ಕಾಚಾರವು ನಿರಾಶಾದಾಯಕವಾಗಿದ್ದರೂ ರೊಸ್ಸಿ ಹಿಂಜರಿಯಲಿಲ್ಲ. ಯಾರೂ ನೋಡದ ಕಡೆ ನೋಡಿದಾಗ ಯಾರೂ ಊಹಿಸದ ಸಂಗತಿ ಕಾಣಬಹುದೆಂಬ ನಂಬಿಕೆ ಅವರದಾಗಿತ್ತು. ಅವರ ಹಿಂದಿನ ವಿದ್ಯಾರ್ಥಿಯೊಬ್ಬರು ಸ್ಥಾಪಿಸಿದ್ದ ಸಂಶೋಧನಾ ಕಂಪನಿಯೊಂದಕ್ಕೆ ರೊಸ್ಸಿ ಅಧ್ಯಕ್ಷರಾಗಿದ್ದರು. 1959ರಲ್ಲಿ ಆ ಕಂಪನಿಗೆ ಸೇರಿದ ತರುಣ ವಿಜ್ಞಾನಿ ರಿಕಾರ್ಡೊ ಜಕೋನಿ ಅವರಿಗೆ ಕ್ಷ-ಕಿರಣ ಖಗೋಳ ವಿಜ್ಞಾನದಲ್ಲಿ ತೊಡಗುವಂತೆ ಅವರು ಸಲಹೆ ನೀಡಿದರು.

ಅನುದಾನ ಪಡೆಯುವುದು ಸುಲಭವಾಗಿರಲಿಲ್ಲ. ಕೊನೆಗೆ ಅಮೆರಿಕ ವಾಯುಪಡೆಯ ಪ್ರಯೋಗಾಲಯವೊಂದು, ಸೂರ್ಯಕಿರಣದಿಂದ ಚಂದ್ರನ ಮೇಲ್ಮೈ ಕ್ಷ-ಕಿರಣ ಬೀರುತ್ತದೆಯೇ ಎಂದು ಪರಿಶೀಲಿಸುವ ಉದ್ದೇಶಕ್ಕೆ ನೆರವು ನೀಡಿತು. 1961ರಲ್ಲಿ ಹಾರಿದ ರಾಕೆಟ್‌ನಲ್ಲಿ ಉಪಕರಣದ ಬಾಗಿಲುಗಳೇ ತೆರೆಯಲಿಲ್ಲ. 1962ರ ಜೂನ್ 18ರ ಮಧ್ಯರಾತ್ರಿಯ ಹೊತ್ತಿಗೆ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ನೆಲೆಯಿಂದ ಮತ್ತೊಂದು ರಾಕೆಟ್ ಮೇಲೇರಿತು. ಅದು ಸುಮಾರು 225 ಕಿ.ಮೀ. ಎತ್ತರ ತಲುಪಿ, ಆರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಆಕಾಶವನ್ನು ವೀಕ್ಷಿಸಿತು.

ಚಂದ್ರನಿಂದ ಕ್ಷ-ಕಿರಣ ಕಂಡುಬರಲಿಲ್ಲ. ಆದರೆ ವೃಶ್ಚಿಕ ರಾಶಿಯ ದಿಕ್ಕಿನಿಂದ ಪ್ರಬಲವಾದ ಕ್ಷ-ಕಿರಣವೂ, ಆಕಾಶದ ಎಲ್ಲೆಡೆಯಿಂದ ಮಂದವಾದ ಹಿನ್ನೆಲೆ ಕ್ಷ-ಕಿರಣವೂ ಬರುತ್ತಿರುವುದು ದಾಖಲಾಯಿತು. ಜಕೋನಿ, ಗುರ್‌ಸ್ಕಿ, ಪಾವೊಲಿನಿ ಮತ್ತು ರೊಸ್ಸಿ ಅವರ ಹೆಸರಿನಲ್ಲಿ ಈ ವರದಿ ಅದೇ ವರ್ಷ ಪ್ರಕಟವಾಯಿತು. ವೃಶ್ಚಿಕ ಎಕ್ಸ್-1 ಎಂದು ಹೆಸರಾದ ಈ ಆಕರವು ಸೂರ್ಯನು ಎಲ್ಲ ಬಗೆಯ ಬೆಳಕಿನಲ್ಲಿ ಒಟ್ಟಾರೆ ಹೊರಸೂಸುವ ಶಕ್ತಿಯ ಹತ್ತಾರು ಸಾವಿರ ಪಟ್ಟು ಶಕ್ತಿಯನ್ನು ಕ್ಷ-ಕಿರಣ ರೂಪದಲ್ಲಿಯೇ ಹೊರಚೆಲ್ಲುತ್ತದೆ. ಸೂರ್ಯನಂತಹ ನಕ್ಷತ್ರದಿಂದ ಇದು ಸಾಧ್ಯವೇ ಇರಲಿಲ್ಲ. ಆಕಾಶದಲ್ಲಿ ಬೇರೊಂದು ಬಗೆಯ ಕಾಯವಿದೆಯೆಂಬುದು ಸ್ಪಷ್ಟವಾಯಿತು.

ಪಲ್ಸಾರ್‌ಗಳ ಗುರುತಿಸುವಿಕೆ

1963ರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಹರ್ಬರ್ಟ್ ಫ್ರೀಡ್‌ಮನ್ ಅವರ ತಂಡವು ಏಡಿ ನೀಹಾರಿಕೆಯಿಂದಲೂ ಕ್ಷ-ಕಿರಣ ಬರುವುದನ್ನು ಗುರುತಿಸಿತು. 1054ರಲ್ಲಿ ಚೀನಾ ದೇಶದ ಖಗೋಳಜ್ಞರು ಕಂಡ ನಕ್ಷತ್ರಸ್ಫೋಟದ ಅವಶೇಷವೇ ಈ ನೀಹಾರಿಕೆ. ಇಲ್ಲೊಂದು ಸಮಸ್ಯೆಯಿತ್ತು. ಕ್ಷ-ಕಿರಣ ಬೀರುವ ಎಲೆಕ್ಟ್ರಾನ್‌ಗಳು ಕೆಲವೇ ವರ್ಷಗಳಲ್ಲಿ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಸ್ಫೋಟವಾಗಿ ಒಂಬೈನೂರು ವರ್ಷ ಕಳೆದ ಮೇಲೂ ನೀಹಾರಿಕೆ ಬೆಳಗುತ್ತಿದೆಯೆಂದರೆ ಅದಕ್ಕೆ ನಿರಂತರವಾಗಿ ಶಕ್ತಿ ಒದಗಿಸುವ ಯಂತ್ರವೊಂದು ಒಳಗಿರಲೇಬೇಕು.

1967ರಲ್ಲಿ ಇಟಲಿಯ ಫ್ರಾಂಕೊ ಪಚೀನಿ ಅವರು, ವೇಗವಾಗಿ ತಿರುಗುವ ಕಾಂತೀಯ ನ್ಯೂಟ್ರಾನ್ ನಕ್ಷತ್ರವೇ ಈ ಶಕ್ತಿಯ ಮೂಲವಾಗಿರಬಹುದೆಂದು ಸೂಚಿಸಿದರು. ಇವರೇ ಮುಂದೆ ಆರ್ಚೆಟ್ರಿ ವೀಕ್ಷಣಾಲಯದ ನಿರ್ದೇಶಕರಾದರು. ಅದೇ ವರ್ಷದ ಕೊನೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೋಸಲಿನ್ ಬೆಲ್ ಮತ್ತು ಆಂಟನಿ ಹ್ಯೂಯಿಶ್ ಅವರು ರೇಡಿಯೊ ಅಲೆಗಳಲ್ಲಿ ಮಿಡಿಯುವ ಮೊದಲ ಪಲ್ಸಾರ್ ಅನ್ನು ಕಂಡುಹಿಡಿದರು. 1968ರಲ್ಲಿ ಏಡಿ ನೀಹಾರಿಕೆಯಲ್ಲಿಯೇ ಸೆಕೆಂಡಿಗೆ ಸುಮಾರು 30 ಬಾರಿ ಮಿಡಿಯುವ ಪಲ್ಸಾರ್ ಪತ್ತೆಯಾಯಿತು. 1969ರಲ್ಲಿ ಫ್ರೀಡ್‌ಮನ್ ಅವರ ಪ್ರಯೋಗಾಲಯದ ತಂಡವೂ, ರೊಸ್ಸಿ ಕಟ್ಟಿ ಬೆಳೆಸಿದ ಎಂ.ಐ.ಟಿ. ತಂಡವೂ ರಾಕೆಟ್‌ಗಳ ಮೂಲಕ ಅದರ ಕ್ಷ-ಕಿರಣ ಮಿಡಿತವನ್ನು ದಾಖಲಿಸಿದವು.

1970ರ ಡಿಸೆಂಬರ್ 12ರಂದು, ಕೀನ್ಯಾ ದೇಶದ ಸ್ವಾತಂತ್ರ್ಯ ದಿನದಂದು, ಆ ದೇಶದ ಕರಾವಳಿಯ ಸಮುದ್ರದಲ್ಲಿದ್ದ ಇಟಲಿಯ ಉಡಾವಣಾ ವೇದಿಕೆಯಿಂದ ಉಹುರು ಉಪಗ್ರಹವು ಕಕ್ಷೆ ಸೇರಿತು. ಜಕೋನಿ ಅವರ ತಂಡದ ಈ ಉಪಗ್ರಹವು ಕ್ಷ-ಕಿರಣ ಖಗೋಳ ವಿಜ್ಞಾನಕ್ಕಾಗಿಯೇ ಮೀಸಲಾದ ಪ್ರಥಮ ಉಪಗ್ರಹವಾಗಿತ್ತು. ಸುಮಾರು 4.8 ಸೆಕೆಂಡಿಗೊಮ್ಮೆ ಮಿಡಿಯುವ ಸೆಂಟಾರಸ್ ಎಕ್ಸ್-3 ಮತ್ತು 1.24 ಸೆಕೆಂಡಿಗೊಮ್ಮೆ ಮಿಡಿಯುವ ಹರ್ಕ್ಯುಲಿಸ್ ಎಕ್ಸ್-1 ಎಂಬ ಆಕರಗಳನ್ನು ಅದು ಗುರುತಿಸಿತು. ಇವು ಸಂಗಾತಿ ನಕ್ಷತ್ರವೊಂದನ್ನು ಸುತ್ತುತ್ತಿರುವ ನ್ಯೂಟ್ರಾನ್ ನಕ್ಷತ್ರಗಳೆಂದು ತಿಳಿದುಬಂತು.

ಪಲ್ಸಾರ್‌ಗಳಿಂದ ಕ್ಷ-ಕಿರಣ ಹೊರಡುವ ಬಗೆ

ನ್ಯೂಟ್ರಾನ್ ನಕ್ಷತ್ರದ ವ್ಯಾಸವು ಸುಮಾರು 20ರಿಂದ 25 ಕಿ.ಮೀ. ಆದರೆ ಅದರ ದ್ರವ್ಯರಾಶಿ ಸೂರ್ಯನಿಗಿಂತಲೂ ಅಧಿಕ. ಅದರ ಕಾಂತಕ್ಷೇತ್ರವು ಸಾಮಾನ್ಯವಾಗಿ ಭೂಮಿಯ ಕಾಂತಕ್ಷೇತ್ರದ ಲಕ್ಷ ಕೋಟಿ ಪಟ್ಟಿನಷ್ಟಿರುತ್ತದೆ. ಕಾಂತಧ್ರುವಗಳು ತಿರುಗುವ ಅಕ್ಷದಿಂದ ಓರೆಯಾಗಿರುವುದರಿಂದ, ದೀಪಸ್ತಂಭದ ಬೆಳಕಿನಂತೆ ಅದರ ಕಿರಣವು ಸುತ್ತುತ್ತಾ ನಮ್ಮತ್ತ ಹಾಯ್ದಾಗಲೆಲ್ಲ ಒಂದು ಮಿಡಿತ ಕಾಣುತ್ತದೆ. ಕ್ಷ-ಕಿರಣ ಹೊರಡುವ ಬಗೆಗಳು ಮುಖ್ಯವಾಗಿ ನಾಲ್ಕು.

1. ಪರಿಭ್ರಮಣ ಶಕ್ತಿ : ಕಾಂತೀಯ ನಕ್ಷತ್ರವು ತಿರುಗುವಾಗ ಬೃಹತ್ ಡೈನಮೊದಂತೆ ಪ್ರಬಲ ವಿದ್ಯುತ್ ಕ್ಷೇತ್ರವನ್ನು ಉಂಟುಮಾಡುತ್ತದೆ. ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಗುಂಟ ಬೆಳಕಿನ ವೇಗಕ್ಕೆ ಹತ್ತಿರವಾಗಿ ಧಾವಿಸುತ್ತವೆ. ಅವು ಬೀರುವ ಗಾಮಾ ಕಿರಣಗಳಿಂದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಗಳು ಹುಟ್ಟುತ್ತವೆ. ಈ ಕಣಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವಾಗ ಕ್ಷ-ಕಿರಣ ಹೊಮ್ಮುತ್ತದೆ. ಏಡಿ ಪಲ್ಸಾರ್ ಇದಕ್ಕೆ ಉತ್ತಮ ಉದಾಹರಣೆ. ಅದು ವ್ಯಯಿಸುವ ಶಕ್ತಿ ಸೂರ್ಯನ ಪ್ರಭೆಯ ಸುಮಾರು ಲಕ್ಷ ಪಟ್ಟು. ಇದರ ಫಲವಾಗಿ ಅದರ ಪರಿಭ್ರಮಣ ದಿನೇ ದಿನೇ ನಿಧಾನಗೊಳ್ಳುತ್ತಿದ್ದು, ಒಂದು ಸುತ್ತಿನ ಅವಧಿಯು ದಿನವೊಂದಕ್ಕೆ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಸುಮಾರು 36 ಭಾಗಗಳಷ್ಟು ಹೆಚ್ಚುತ್ತಿದೆ. ಹೊರಬಿದ್ದ ಕಣಗಳೇ ಸುತ್ತಲಿನ ನೀಹಾರಿಕೆಯನ್ನೂ ಬೆಳಗಿಸುತ್ತವೆ.

2. ಬೀಳುವ ಅನಿಲದ ಶಕ್ತಿ : ಸಂಗಾತಿ ನಕ್ಷತ್ರದಿಂದ ಸೆಳೆಯಲ್ಪಟ್ಟ ಅನಿಲವನ್ನು ಕಾಂತಕ್ಷೇತ್ರವು ತಡೆದು ಧ್ರುವಗಳ ಕಡೆಗೆ ಹರಿಯಿಸುತ್ತದೆ. ಬೆಳಕಿನ ಅರ್ಧದಷ್ಟು ವೇಗದಿಂದ ಧ್ರುವಗಳ ಮೇಲೆ ಅಪ್ಪಳಿಸುವ ಅನಿಲವು ಕೋಟ್ಯಂತರ ಡಿಗ್ರಿ ಕಾದು ಕ್ಷ-ಕಿರಣ ಬೀರುತ್ತದೆ. ಅನಿಲದ ಪ್ರಮಾಣ ಕಡಿಮೆಯಿದ್ದಾಗ ಕಿರಣವು ಕಾಂತರೇಖೆಗಳ ಗುಂಟ ನೇರ ಮೇಲಕ್ಕೂ, ಪ್ರಮಾಣ ಹೆಚ್ಚಿ ಧ್ರುವದ ಮೇಲೆ ಅನಿಲದ ಕಂಬವೇ ಎದ್ದಾಗ ಅದರ ಪಕ್ಕಗಳಿಂದಲೂ ಹೊರಡುತ್ತದೆ. ಮಿಡಿತದ ಆಕಾರವು ಇದರಿಂದ ಬದಲಾಗುತ್ತದೆ. ಹರ್ಕ್ಯುಲಿಸ್ ಎಕ್ಸ್-1 ಈ ವರ್ಗಕ್ಕೆ ಸೇರಿದೆ.

3. ಮೇಲ್ಮೈಯ ಶಾಖ : ತರುಣ ನ್ಯೂಟ್ರಾನ್ ನಕ್ಷತ್ರದ ಮೇಲ್ಮೈ ಸುಮಾರು ಹತ್ತು ಲಕ್ಷ ಡಿಗ್ರಿ ಬಿಸಿಯಿದ್ದು ಮೃದುವಾದ ಕ್ಷ-ಕಿರಣ ಬೀರುತ್ತದೆ. ಹಿಂದಿರುಗಿ ಬಡಿಯುವ ಕಣಗಳಿಂದ ಧ್ರುವಗಳ ಬಳಿ ಬಿಸಿ ಮಚ್ಚೆಗಳೂ ಉಂಟಾಗುತ್ತವೆ. ನಕ್ಷತ್ರದ ಗುರುತ್ವವು ಬೆಳಕನ್ನೇ ಬಾಗಿಸುವುದರಿಂದ ಹಿಂಬದಿಯ ಮಚ್ಚೆಯೂ ಭಾಗಶಃ ಕಾಣುತ್ತದೆ.

4. ಕಾಂತಶಕ್ತಿ : ಸಾಮಾನ್ಯ ಪಲ್ಸಾರ್‌ಗಳಿಗಿಂತ ನೂರರಿಂದ ಸಾವಿರ ಪಟ್ಟು ಪ್ರಬಲ ಕಾಂತಕ್ಷೇತ್ರವುಳ್ಳ ಮ್ಯಾಗ್ನೆಟಾರ್‌ಗಳಲ್ಲಿ ಆ ಕ್ಷೇತ್ರದ ಕ್ಷಯವೇ ಕ್ಷ-ಕಿರಣಕ್ಕೆ ಮೂಲ.

ಈ ಎಲ್ಲ ಬಗೆಗಳಲ್ಲಿಯೂ ಕಾಂತಕ್ಷೇತ್ರದ ಬಲ ಹಾಗೂ ಆಕಾರ, ಪರಿಭ್ರಮಣದ ವೇಗ, ಗುರುತ್ವ ಮತ್ತು ನೋಡುವ ಕೋನ ಇವು ಒಟ್ಟಾಗಿ ಮಿಡಿತದ ರೂಪವನ್ನು ನಿರ್ಧರಿಸುತ್ತವೆ. ಅಸ್ಮಾರದಲ್ಲಿ ಭೂಮಿಯ ಕಾಂತಕ್ಷೇತ್ರವು ವಿಶ್ವಕಿರಣಗಳನ್ನು ಬಾಗಿಸಿದ ನಿಯಮವೇ ಲಕ್ಷ ಕೋಟಿ ಪಟ್ಟು ಪ್ರಬಲವಾಗಿ ಇಲ್ಲಿಯೂ ಕೆಲಸ ಮಾಡುತ್ತದೆ.

ಗೌರವಗಳು ಮತ್ತು ಅಂತಿಮ ದಿನಗಳು

ನಿವೃತ್ತಿಯ ನಂತರ ರೊಸ್ಸಿ ಕೆಲವು ವರ್ಷ ಇಟಲಿಯ ಪಲೆರ್ಮೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ತಮ್ಮನ್ನು ಹೊರದೂಡಿದ್ದ ದೇಶದ ಹೊಸ ಪೀಳಿಗೆಗೆ ಅವರು ಪಾಠ ಹೇಳಿದರು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕಕ್ಕೆ ಆಯ್ಕೆಯಾದರು. 1987ರಲ್ಲಿ ಜಕೋನಿ ಮತ್ತು ಫ್ರೀಡ್‌ಮನ್ ಅವರೊಂದಿಗೆ ಭೌತವಿಜ್ಞಾನದ ವುಲ್ಫ್ ಪ್ರಶಸ್ತಿಗೆ ಭಾಜನರಾದರು. 1990ರಲ್ಲಿ ತಮ್ಮ ಆತ್ಮಕಥನವನ್ನು ಪ್ರಕಟಿಸಿದರು.

1993ರ ನವೆಂಬರ್ 21ರಂದು, 88ನೆಯ ವಯಸ್ಸಿನಲ್ಲಿ, ಅವರು ಕೇಂಬ್ರಿಜ್‌ನ ತಮ್ಮ ನಿವಾಸದಲ್ಲಿ ನಿಧನರಾದರು. ಫ್ಲಾರೆನ್ಸ್ ನಗರದ ಸಾನ್ ಮಿನಿಯಾಟೊ ಅಲ್ ಮೊಂಟೆ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಐವತ್ತೈದು ವರ್ಷಗಳ ಹಿಂದೆ ತೊರೆಯಬೇಕಾಗಿ ಬಂದ ನಾಡಿನ ಮಣ್ಣೇ ಅವರಿಗೆ ಅಂತಿಮ ವಿಶ್ರಾಂತಿ ನೀಡಿತು. ಕ್ಷ-ಕಿರಣ ಖಗೋಳ ವಿಜ್ಞಾನಕ್ಕಾಗಿ ಜಕೋನಿ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿದಾಗ ಅವರನ್ನು ಈ ದಾರಿಗೆ ಹಚ್ಚಿದ ರೊಸ್ಸಿ ಬದುಕಿರಲಿಲ್ಲ.

ರೊಸ್ಸಿ ಅವರ ಹೆಸರಿನ ಉಪಗ್ರಹ

1995ರ ಡಿಸೆಂಬರ್ 30ರಂದು ಅಮೆರಿಕವು ಹಾರಿಸಿದ ಕ್ಷ-ಕಿರಣ ಉಪಗ್ರಹಕ್ಕೆ 1996ರಲ್ಲಿ ರೊಸ್ಸಿ ಅವರ ಹೆಸರಿಡಲಾಯಿತು. ಆಕಾಶದ ಚಿತ್ರ ತೆಗೆಯುವುದು ಅದರ ಕೆಲಸವಾಗಿರಲಿಲ್ಲ. ಪ್ರತಿಯೊಂದು ಕ್ಷ-ಕಿರಣವು ಬಂದ ಕ್ಷಣವನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದವರೆಗೆ ಗುರುತಿಸುವುದು ಅದರ ವೈಶಿಷ್ಟ್ಯವಾಗಿತ್ತು. ಆರ್ಚೆಟ್ರಿಯ ಗುಡ್ಡದಲ್ಲಿ ಆರಂಭವಾದ ಕ್ಷಣಗಣನೆ ಹೀಗೆ ಕಕ್ಷೆಗೇರಿತು.

1998ರಲ್ಲಿ ಈ ಉಪಗ್ರಹವು ಸೆಕೆಂಡಿಗೆ 401 ಬಾರಿ ತಿರುಗುತ್ತಾ ಸಂಗಾತಿಯಿಂದ ಅನಿಲ ಸೆಳೆಯುವ ಪಲ್ಸಾರ್ ಅನ್ನು ಗುರುತಿಸಿತು. ಬೀಳುವ ಅನಿಲವು ವೃದ್ಧ ನ್ಯೂಟ್ರಾನ್ ನಕ್ಷತ್ರವನ್ನು ಮತ್ತೆ ವೇಗವಾಗಿ ತಿರುಗಿಸುತ್ತದೆ ಎಂಬ ವಾದಕ್ಕೆ ಇದರಿಂದ ಪುಷ್ಟಿ ದೊರೆಯಿತು. ಅದೇ ವರ್ಷ 7.5 ಸೆಕೆಂಡಿನ ಮಿಡಿತವುಳ್ಳ ಆಕರವೊಂದು ನಿಧಾನಗೊಳ್ಳುವ ಪರಿಯನ್ನು ಅಳೆದು ಮ್ಯಾಗ್ನೆಟಾರ್‌ಗಳ ಅಸ್ತಿತ್ವಕ್ಕೆ ಪ್ರಬಲ ಆಧಾರ ಒದಗಿಸಲಾಯಿತು. 2012ರ ಜನವರಿಯಲ್ಲಿ ಈ ಉಪಗ್ರಹದ ಕಾರ್ಯ ಮುಕ್ತಾಯಗೊಂಡಿತು.

ಭಾರತ ಮತ್ತು ಕರ್ನಾಟಕದಲ್ಲಿ ಮುಂದುವರಿದ ಕಾರ್ಯ

ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದ ಪ್ರೊ. ಯು.ಆರ್. ರಾವ್ ಅವರು 1960ರ ದಶಕದ ಆರಂಭದಲ್ಲಿ ರೊಸ್ಸಿ ಕಾರ್ಯನಿರ್ವಹಿಸುತ್ತಿದ್ದ ಎಂ.ಐ.ಟಿ. ಸಂಸ್ಥೆಯಲ್ಲಿಯೇ ಸಂಶೋಧನೆ ನಡೆಸಿದ್ದರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣಗೊಂಡು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಭಾರತದ ಪ್ರಥಮ ಉಪಗ್ರಹ ಆರ್ಯಭಟದಲ್ಲಿ ಕ್ಷ-ಕಿರಣ ಖಗೋಳ ಪ್ರಯೋಗವೂ ಇತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಅದು ಕೆಲವೇ ದಿನಗಳಲ್ಲಿ ಸ್ಥಗಿತಗೊಂಡಿತು. ಆದರೆ ಪ್ರಯತ್ನ ನಿಲ್ಲಲಿಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೆರವಿನಿಂದ ಏಡಿ ಪಲ್ಸಾರ್‌ನ ಕ್ಷ-ಕಿರಣ ಧ್ರುವೀಕರಣವು ಮಿಡಿತದೊಂದಿಗೆ ಹೇಗೆ ಬದಲಾಗುತ್ತದೆಂಬುದನ್ನು ಅಳೆದು 2017ರಲ್ಲಿ ಪ್ರಕಟಿಸಲಾಯಿತು.

ಕಿರಣದ ಕಂಪನವು ಯಾವ ದಿಕ್ಕಿಗಿದೆ ಎಂಬುದೇ ಧ್ರುವೀಕರಣ. ಕಾಂತಕ್ಷೇತ್ರದ ದಿಕ್ಕನ್ನು ಸೂಚಿಸುವ ಇದು ಕ್ಷ-ಕಿರಣ ಹುಟ್ಟುವ ಜಾಗವನ್ನು ತಿಳಿಯಲು ನೆರವಾಗುತ್ತದೆ. 2021ರಲ್ಲಿ ಅಮೆರಿಕ ಮತ್ತು ಇಟಲಿ ಜಂಟಿಯಾಗಿ ಹಾರಿಸಿದ ಉಪಗ್ರಹವು ಹರ್ಕ್ಯುಲಿಸ್ ಎಕ್ಸ್-1ರ ಧ್ರುವೀಕರಣವು ಸಿದ್ಧಾಂತಗಳು ಹೇಳಿದ್ದಕ್ಕಿಂತ ಬಹಳ ಕಡಿಮೆಯೆಂದು ತೋರಿಸಿತು. ಅನಿಲವು ಧ್ರುವವನ್ನು ಮುಟ್ಟುವ ಜಾಗದ ಬಗೆಗಿನ ಲೆಕ್ಕಗಳನ್ನು ಇದರಿಂದ ಪುನಃ ಪರಿಶೀಲಿಸಬೇಕಾಯಿತು. 2024ರ ಜನವರಿ 1ರಂದು ಶ್ರೀಹರಿಕೋಟದಿಂದ ಹಾರಿದ ಭಾರತದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಧ್ರುವೀಕರಣವನ್ನು ಅಳೆಯುವ ಪೋಲಿಕ್ಸ್ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ, ಮತ್ತೊಂದು ಉಪಕರಣವನ್ನು ಬೆಂಗಳೂರಿನಲ್ಲಿಯೇ ಇರುವ ಯು.ಆರ್. ರಾವ್ ಉಪಗ್ರಹ ಕೇಂದ್ರವೂ ನಿರ್ಮಿಸಿವೆ.

ಉಪಸಂಹಾರ

ಬ್ರೂನೊ ರೊಸ್ಸಿ ಅವರು ಹುದ್ದೆ, ಮನೆ ಮತ್ತು ದೇಶವನ್ನು ಕಳೆದುಕೊಂಡರೂ ತಮ್ಮ ವಿದ್ಯೆಯನ್ನು ಕೈಬಿಡಲಿಲ್ಲ. ಚಂದ್ರನನ್ನು ನೋಡಲೆಂದು ದೊರೆತ ಆರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಅವರ ತಂಡಕ್ಕೆ ಕಂಡದ್ದು ನ್ಯೂಟ್ರಾನ್ ನಕ್ಷತ್ರಗಳ ಲೋಕದ ಹೆಬ್ಬಾಗಿಲು. ಲೆಕ್ಕಾಚಾರವು ಫಲವಿಲ್ಲವೆಂದು ಹೇಳಿದ ಕಡೆಯಲ್ಲಿಯೂ ತಾಳ್ಮೆಯಿಂದ ಅಳೆದು ನೋಡಿದ ಅವರ ಮಾರ್ಗವನ್ನು ಇಂದಿನ ಕ್ಷ-ಕಿರಣ ವೀಕ್ಷಣಾಲಯಗಳು ಅನುಸರಿಸುತ್ತಿವೆ.